ಕವಲಿನಲ್ಲಿ ಬಿಟ್ಟುಬಂದ ಪಟ್ಟಿ

ಮನೆ, ಹೊಲಿಗೆ ಮೆಷಿನ್ನಿನ ಮುಂದೆ
ಸೆಪ್ಟೆಂಬರ್ ೧೪, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮಣಿಕಟ್ಟು ಹೇಗಿದೆ? ಚಳಿ ಬರುವುದು ಮುರಿದ ಮೂಳೆಗೇ ಮೊದಲು ಗೊತ್ತಾಗುತ್ತದಂತೆ. ಬಿಸಿನೀರಿನ ಶಾಖ ಕೊಟ್ಟುಕೋ, ಸೋಮಾರಿತನ ಮಾಡಬೇಡ. ಪಾರ್ಲರಿನಲ್ಲಿ ದಿನವಿಡೀ ನಿಂತೇ ಕೂದಲು ಕತ್ತರಿಸುವವಳು, ಕಾಲಿಗೂ ಸ್ವಲ್ಪ ಎಣ್ಣೆ ಹಚ್ಚು. ನಾನು ಚೆನ್ನಾಗಿದ್ದೇನೆ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಮಾತ್ರ ಗೊಣಗುತ್ತದೆ. ಕಳೆದ ತಿಂಗಳು ನೀನು ಫೋನಿನಲ್ಲಿ ಕೇಳಿದೆಯಲ್ಲ, "ಅಕ್ಕಾ, ನಾನು ಊರು ಬಿಟ್ಟು ಬಂದೆ ಅಂತ ಇನ್ನೂ ಸಿಟ್ಟಾ? ಯಾಕೆ ಫೋನೇ ಎತ್ತಲ್ಲ ನೀನು?" ಎಂದು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹತ್ತಿಸಿರಲಿಲ್ಲ. ಅದಕ್ಕೇ ಈ ಕಾಗದ. ಆದರೆ ಮೊದಲು ನಿನ್ನೆಯ ಓಟದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಕೈ ಓಡುವುದಿಲ್ಲ.

ಅದೇ ಬೆಟ್ಟದ ದಾರಿ, ಅದೇ ಹದಿನಾಲ್ಕು ಕಿಲೋಮೀಟರ್. ದಾರಿ ತೋರಿಸುವ ಪಟ್ಟಿಗಳನ್ನು ಈ ಸಲವೂ ನಾನೇ ಉಳಿದ ಅಸ್ತರಿನ ಬಟ್ಟೆಯಲ್ಲಿ ಕತ್ತರಿಸಿಕೊಟ್ಟೆ, ಕಿತ್ತಳೆ ಬಣ್ಣದವು. ಡ್ರಿಲ್ ಮೇಷ್ಟ್ರು ಶನಿವಾರವೇ ಹೋಗಿ ಗಿಡಮರಗಳಿಗೆಲ್ಲ ಕಟ್ಟಿ ಬಂದಿದ್ದರು. ಶಿಳ್ಳೆ ಹೊಡೆದದ್ದೇ ತಡ, ಅರವತ್ತು ಜನರೂ ಜೇನುಗೂಡಿಗೆ ಕಲ್ಲು ಹೊಡೆದವರಂತೆ ಕಾಲಿಗೆ ಬುದ್ಧಿ ಹೇಳಿದರು. ನನ್ನದು ಮಾಮೂಲಿ ಬಾಲದ ಕೆಲಸ. ಎಲ್ಲರಿಗಿಂತ ಹಿಂದೆ ಓಡುತ್ತಾ, ಕೊನೆಯವರು ದಾಟಿದ ಮೇಲೆ ಒಂದೊಂದೇ ಪಟ್ಟಿ ಬಿಚ್ಚಿ ಚೀಲಕ್ಕೆ ತುಂಬಿಕೊಳ್ಳುವುದು. ನನ್ನ ಹಿಂದೆ ಒಬ್ಬರೂ ಉಳಿಯಬಾರದು, ಅಷ್ಟೇ ನಿಯಮ. ಈ ಸಲದ ಕೊನೆಯವರು ಯಾರು ಗೊತ್ತೇ? ನಮ್ಮ ಬೇಕರಿಯವರು! ಆ ಹೊಟ್ಟೆ ಹೊತ್ತುಕೊಂಡು ಹೇಗೆ ಹತ್ತಿದರೋ. ಕಂಡ ಕಂಡ ಅಣಬೆಗೆಲ್ಲ ಫೋಟೋ ಹಿಡಿಯುತ್ತಾರೆ. ಉಸಿರು ಕಟ್ಟಿದೆ ಎಂದು ಒಪ್ಪಿಕೊಳ್ಳುವ ಬದಲು ಅಣಬೆ ಚೆನ್ನಾಗಿದೆ ಎನ್ನುತ್ತಾರೆ.

ಹುಲ್ಲುಗಾವಲು ಈ ವರ್ಷ ಮಂಡಿಯುದ್ದ ಬೆಳೆದಿದೆ. ಇಬ್ಬನಿಗೆ ಶೂ ತೊಯ್ದು ಪಚಪಚ ಎನ್ನುತ್ತಿತ್ತು, ಕಾಲುಚೀಲದ ತುಂಬ ಹುಲ್ಲಿನ ಬೀಜ. ಆ ಮರದ ಗೇಟಿನ ಚಿಲಕವನ್ನು ಇಂದಿಗೂ ಯಾರೂ ಸರಿಮಾಡಿಸಿಲ್ಲ. ಹೆಗಲು ಕೊಟ್ಟು ಎತ್ತಿದರಷ್ಟೇ ತೆರೆಯುತ್ತದೆ. ಅದನ್ನು ಎತ್ತುವವಳು ನೀನಾಗಿದ್ದೆ. ಗೇಟು ದಾಟಿ ಕಾಡಿಗೆ ಇಳಿದರೆ ನೆಲದ ತುಂಬ ಸೂಜಿಯಂಥ ಒಣ ಎಲೆಯ ಮೆತ್ತನೆ ಹಾಸು, ಹೆಜ್ಜೆಯ ಸದ್ದನ್ನೇ ನುಂಗುತ್ತದೆ. ಅಲ್ಲಿ ಹಿಂದೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಕಿವಿಗೆ ತಿಳಿಯುವುದೇ ಇಲ್ಲ. ನೀನಿದ್ದಾಗ ಆ ತೊಂದರೆ ಇರಲಿಲ್ಲ, ನಿನ್ನ ಬಾಯಿಗೆ ಬೀಗವಿರಲಿಲ್ಲವಲ್ಲ. ನಿಯಮ ಏನೇ ಇರಲಿ, ಹನ್ನೊಂದು ವರ್ಷ ನೀನು ದಾರಿ ನೋಡಿ ಓಡಿದವಳೇ ಅಲ್ಲ, ನನ್ನ ಹಿಮ್ಮಡಿ ನೋಡಿಕೊಂಡು ಓಡಿದವಳು. ನಿನ್ನೆ ಎರಡು ಸಲ ಹಿಂದೆ ತಿರುಗಿ ನಿನಗೆ ಉತ್ತರ ಕೊಡಲು ಹೋದೆ. ನೀನು ಏನನ್ನೂ ಕೇಳಿರಲಿಲ್ಲ, ಅಲ್ಲಿ ಯಾರೂ ಇರಲಿಲ್ಲ.

ಕವಲಿಗೆ ಬಂದೆವು. ಬಲಕ್ಕೆ ಇಳಿಯುವ ದಾರಿ, ಎಡಕ್ಕೆ ಮರ ಸಾಗಿಸುವವರ ಹಳೆಯ ಜಾಡು. ಹೋದ ವರ್ಷ ನೀನು ಎಡಕ್ಕೆ ಹೋದದ್ದು ಅಲ್ಲೇ. ಪಟ್ಟಿ ಕಾಣದೆ ಕೊರಕಲಿಗೆ ಜಾರಿದ್ದು, ಕೈ ಮುರಿದುಕೊಂಡು ಸಂಜೆಯವರೆಗೆ ಒಬ್ಬಳೇ ಕೂತಿದ್ದದ್ದು, ಕೊನೆಗೆ ಫಾರೆಸ್ಟ್ ಗಾರ್ಡ್ ಹೊತ್ತು ತಂದದ್ದು ಎಲ್ಲ ಕಣ್ಣಿಗೆ ಕಟ್ಟಿತು. ಆಸ್ಪತ್ರೆಯಲ್ಲಿ ಮೇಷ್ಟ್ರು ನನ್ನ ಮೇಲೆ ರೇಗಿದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಕ್ಕನ್ನ ಬೈಬೇಡಿ ಸಾರ್, ನಾನೇ ಬಂಡೆ ಹಿಂದೆ ಕೂತಿದ್ದೆ. ಅವಳಿಗೆ ಹೇಗೆ ಕಾಣ್ಬೇಕು?" ನಿನ್ನೆ ಅದೇ ಜಾಗದಲ್ಲಿ ಬೇಕರಿಯವರು ಬೆವರು ಒರೆಸಿಕೊಳ್ಳುತ್ತಾ, "ನೀವು ಹಿಂದೆ ಇದ್ದೀರಲ್ಲಮ್ಮ, ನನಗೇನೂ ಭಯ ಇಲ್ಲ" ಎಂದರು. ಒಳ್ಳೆಯ ಮಾತನ್ನೇ ಆಡಿದರು. ಅಲ್ಲಿದ್ದ ಪಟ್ಟಿಗೆ ಕೈ ಹಾಕಿದೆ, ಬಿಚ್ಚಲು ಆಗಲಿಲ್ಲ. ಬಲಗಡೆಯ ಮರಕ್ಕೆ ಅದು ಈಗಲೂ ಕಟ್ಟಿಕೊಂಡೇ ಇದೆ. ಮೇಷ್ಟ್ರು ಕೇಳಿದರೆ ಮರೆತೆ ಎಂದರಾಯಿತು.

ಮನೆಯ ಸುದ್ದಿ ಹೆಚ್ಚೇನಿಲ್ಲ. ಎರಡು ಕತ್ತರಿಗಳ ಮನೆ ಎಂದು ನಮ್ಮನ್ನು ಬೀದಿಯವರೆಲ್ಲ ರೇಗಿಸುತ್ತಿದ್ದರು, ಈಗ ಒಂದೇ ಕತ್ತರಿಯ ಸದ್ದು. ನಿನ್ನ ಕನ್ನಡಿಯನ್ನು ಇದ್ದಲ್ಲೇ ಬಿಟ್ಟಿದ್ದೇನೆ, ದಿನವೂ ಒರೆಸುತ್ತೇನೆ. ನೀನು ಹೋದ ಮೇಲೆ ಬೇರೆಯವರ ಮುಂದೆ ತಲೆ ಬಗ್ಗಿಸಿ ಕೂರಲು ಮನಸ್ಸಾಗಲಿಲ್ಲ. ಕೊನೆಗೆ ನನ್ನ ಬಟ್ಟೆ ಕತ್ತರಿಯಿಂದಲೇ ಕೂದಲು ಕತ್ತರಿಸಿಕೊಂಡೆ. ನೀನು ಅದನ್ನು ಮುಟ್ಟಿದರೆ ಮೊಂಡಾಗುತ್ತದೆ ಎಂದು ಎಷ್ಟು ಜಗಳವಾಡಿದ್ದೆ ನಾನು! ಎಡಗಡೆ ಗಿಡ್ಡ, ಬಲಗಡೆ ಉದ್ದ. ಲಂಗದ ಅಂಚು ಹೊಲಿಸಲು ಬಂದ ಹುಡುಗಿ ನನ್ನ ತಲೆ ನೋಡಿ, ಅಂಚು ನೇರವಾಗಿ ಬರುತ್ತದೆ ತಾನೇ ಎಂದು ಕೇಳಿದಳು. ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದೆ. ಒಬ್ಬಳಿಗೋಸ್ಕರ ತಟ್ಟೆ ಇಟ್ಟು ಕೂರಲು ಬೇಜಾರು. ಒಂಟಿಯಾಗಿದೆ ಪುಟ್ಟಿ, ತುಂಬಾ ಒಂಟಿಯಾಗಿದೆ. ನಿನ್ನ ಮನೆಗೇ ಬಂದು ಇರುವಂತೆ ನೀನು ಕರೆಯುತ್ತಲೇ ಇದ್ದೀಯ. ಯಾವ ಮುಖ ಇಟ್ಟುಕೊಂಡು ಬರಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪಾರ್ಲರಿನ ಯಜಮಾನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಲ್ಲ. ನಿನ್ನ ಕೈ ಹಗುರವಾಗಿರಲಿ, ಕತ್ತರಿ ಹರಿತವಾಗಿರಲಿ.

ಇಂತಿ,
ನಿನ್ನ ಮೂಗಿನ ತುದಿಯ ಸಿಟ್ಟಿನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಲು ಹೋಗಿ ನಿಲ್ಲಿಸಿದೆ. ನೀನು ಕೇಳಿದ್ದಕ್ಕೆ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಪುಟ್ಟಿ. ಅವತ್ತು ನೀನು ನನಗೆ ಕಂಡಿದ್ದೆ. ಬಂಡೆಯ ಹಿಂದೆ ಬೆನ್ನು ಹಾಕಿ ಕೂತು, ಶೂ ಬಿಚ್ಚಿ ಕಲ್ಲು ಕೊಡವುತ್ತಿದ್ದೆ, ನೀಲಿ ಟೋಪಿ. ಬೆಳಿಗ್ಗೆ ಎದೆಗೆ ನಂಬರು ಚುಚ್ಚಿಕೊಳ್ಳುತ್ತಾ, "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೋಗ್ತೀನಿ ಅಕ್ಕ" ಎಂದಿದ್ದೆ ನೀನು, ಅದೇ ತಲೆಯಲ್ಲಿ ಕುದಿಯುತ್ತಿತ್ತು. ಕಂಡೂ ಕಾಣದವಳಂತೆ ದಾಟಿದೆ. ಕವಲಿನದ್ದೂ ಸೇರಿ ಎಲ್ಲ ಪಟ್ಟಿಗಳನ್ನೂ ಬಿಚ್ಚಿದೆ. ದಾರಿ ತಿಳಿಯದೆ ನೀನು ಅಕ್ಕಾ ಎಂದು ಕೂಗುತ್ತೀಯ, ಆಗ ತಿರುಗೋಣ ಎಂದುಕೊಂಡು ಪ್ರತಿ ಗಂಟು ಬಿಚ್ಚುವಾಗಲೂ ಕಿವಿಗೊಟ್ಟೆ. ನೀನು ಕೂಗಲಿಲ್ಲ. ನಾನೂ ತಿರುಗಲಿಲ್ಲ. ಇದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಧೈರ್ಯವೂ ನನಗಿಲ್ಲ. ಇದನ್ನು ಓದಿದ ಮೇಲೆ ನೀನು ಫೋನ್ ಮಾಡದಿದ್ದರೆ ನನಗೆ ಅರ್ಥವಾಗುತ್ತದೆ. ಮಾಡಿದರೆ ಮಾತ್ರ ಎತ್ತುತ್ತೇನೆ, ಮೊದಲ ರಿಂಗಿಗೇ.