ಉಪವಾಸ ಮುರಿದ ಸಿಗಡಿಗಳು

ಯೆನಗೋವಾ, ಗುರುವಾರ, ಮಾರ್ಚ್ ೧೪

ನಾಲ್ಕು ದಿನದಿಂದ ಕೊರೆಯುತ್ತಿದ್ದ ಚಿಂತೆ ಇಳಿಯಿತು. ಪ್ರಯೋಗಾಲಯದಲ್ಲಿ ಎರಡು ಹೊಳೆಯ ಸಿಗಡಿಗಳನ್ನು ಎರಡು ತೊಟ್ಟಿಯಲ್ಲಿಟ್ಟು ಅವುಗಳ ಉಸಿರು ಅಳೆಯುತ್ತಿದ್ದೇನೆ. ಎಣ್ಣೆ ಸೋರಿದ ಹೊಳೆಯ ಸಿಗಡಿಗಳು ಆಮ್ಲಜನಕವನ್ನು ಹೆಚ್ಚು ಎಳೆಯುತ್ತವೆ, ಅದು ಗೊತ್ತಿದ್ದದ್ದೇ. ಆದರೆ ಲಯೇಫಾ ಅತ್ತೆ ತಮ್ಮೂರಿನ ಶುದ್ಧ ಹೊಳೆಯಿಂದ ಹಿಡಿದು ದೋಣಿಯಲ್ಲಿ ತಂದವೂ ಅಷ್ಟೇ ಎಳೆದಿದ್ದವು. ಊರಿಡೀ ಕುಡಿಯುವ ಆ ನೀರಿಗೂ ಎಣ್ಣೆ ಬಂತೇ ಎಂದು ನಿದ್ದೆ ಹಾರಿತ್ತು.

ನಿನ್ನೆ ಕೇಳಿದೆ. "ಇವಕ್ಕೆ ಏನಾದ್ರೂ ತಿನ್ನಿಸಿದ್ರಾ ಅತ್ತೆ? ಹಸಿದೇ ಇರ್ಲಿ ಅಂದಿದ್ನಲ್ಲ."

"ಅಂದಿದ್ದೆ. ದೋಣಿ ಹತ್ತೋರನ್ನ ಬರೀ ಹೊಟ್ಟೇಲಿ ಕಳಿಸೋ ಮನೆತನ ನಮ್ದಲ್ಲ ಕಣೇ. ಒಂದು ಹಿಡಿ ಮರಗೆಣಸಿನ ಹಿಟ್ಟು ಹಾಕ್ದೆ."

ಉಂಡ ಸಿಗಡಿಯೂ ಹೆಚ್ಚು ಉಸಿರಾಡುತ್ತದೆ. ಒಂದು ದಿನ ಉಪವಾಸ ಕೆಡವಿ ಇಂದು ಮತ್ತೆ ಅಳೆದೆ: ಅರ್ಧಕ್ಕರ್ಧ ಇಳಿದಿದೆ. ಅತ್ತೆಯ ಹೊಳೆ ಚೆನ್ನಾಗಿದೆ.

ಆಮೇಲೆ ಎರಡೂ ತೊಟ್ಟಿಗೆ ಹಿಟ್ಟು ಉದುರಿಸಿದೆ. ಅತ್ತೆಯವು ಮುಗಿಬಿದ್ದವು. ಎಣ್ಣೆ ಹೊಳೆಯವು ಮೂಸಲೂ ಇಲ್ಲ, ಸುಮ್ಮನೆ ಉಸಿರಾಡುತ್ತಲೇ ಇದ್ದವು.