ನೈವೇದ್ಯವಾಗದ ಹಣ್ಣು

ಹುಡುಗಿಯರ ಕಾನ್ವೆಂಟ್ ಶಾಲೆಯ ದೊಡ್ಡ ಮದರ್ ಅವರೇ,

ಕೇಳಬಾರದ ಪ್ರಶ್ನೆ ಕೇಳಿದಳೆಂದು ನನ್ನ ಮೊಮ್ಮಗಳು ವಿಮಲಾಳನ್ನು ನೀವು ತರಗತಿಯಿಂದ ಹೊರಗೆ ಹಾಕಿದ್ದೀರಿ. ಕ್ಷಮಾಪಣೆ ಬರೆದು ತಂದರೆ ಒಳಗೆ, ಇಲ್ಲವಾದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಅವಳ ಅಪ್ಪನಿಗೆ ಹೇಳಿ ಕಳಿಸಿದ್ದೀರಿ. ನಾನು ಲಕೋಟೆಯಲ್ಲಿ ಹಾಕಿ ಕಳಿಸಿದ ಕಾಗದ, ಇಲ್ಲಿ ಕನ್ನಡ ಓದುವವರಿಲ್ಲ ಎಂಬ ಮಾತಿನೊಂದಿಗೆ ನಿಮ್ಮ ಗೇಟಿನಿಂದಲೇ ಹಿಂದಕ್ಕೆ ಬಂತು. ಹಾಗಾಗಿ ಈಗ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ನಿಮ್ಮ ಶಾಲೆಗೆ ಮಕ್ಕಳನ್ನು ಕಳಿಸುವ ಕನ್ನಡದವರು ಮದರಾಸಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾರಾದರೂ ಇದನ್ನು ಇಂಗ್ಲಿಷಿನಲ್ಲಿ ನಿಮಗೆ ಓದಿ ಹೇಳಿಯಾರು, ಧೈರ್ಯವಿದ್ದರೆ.

ನಡೆದದ್ದು ಇಷ್ಟು. ನೀತಿಪಾಠದಲ್ಲಿ ನಿಮ್ಮ ಸಿಸ್ಟರ್ ಒಬ್ಬರು ತೋಟದ ಕಥೆ ಹೇಳಿದರಂತೆ. ದೇವರು ತೋಟ ಮಾಡಿದ, ಗಂಡು ಹೆಣ್ಣನ್ನು ಅದರಲ್ಲಿಟ್ಟ, ಒಳ್ಳೆಯದು ಕೆಟ್ಟದ್ದು ತಿಳಿಸುವ ಮರದ ಹಣ್ಣನ್ನು ಮಾತ್ರ ತಿನ್ನಬೇಡಿ ಎಂದ, ಅವರು ತಿಂದರು. ಅವರ ತಪ್ಪು ಯಾವುದು ಹೇಳಿ ನೋಡೋಣ ಎಂದು ಸಿಸ್ಟರ್ ಕೇಳಿದಾಗ ನಮ್ಮ ವಿಮಲಾ ಎಲ್ಲರಿಗಿಂತ ಮೊದಲು ಎದ್ದು, "ನೈವೇದ್ಯ ಆಗುವ ಮೊದಲೇ ತಿಂದದ್ದು" ಎಂದಳಂತೆ.

ನಮ್ಮ ಮನೆಯ ಹುಡುಗಿ ಮತ್ತೇನು ಹೇಳಬೇಕು? ನಮ್ಮದು ಉಡುಪಿ ಕಡೆಯ ಅಡಿಗೆಮನೆ. ದೇವರಿಗೆ ಇಡುವ ಮೊದಲು ಸಾರಿನ ಉಪ್ಪು ಸಾಕೋ ಬೇಕೋ ಎಂದು ನಾಲಿಗೆಗೆ ತಾಗಿಸಿ ನೋಡುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ. ಮುಂದಿಟ್ಟು, ತುಳಸಿ ಹಾಕಿ, ಗಂಟೆ ಬಾರಿಸಿದ ಮೇಲೆ ಅಷ್ಟೂ ನಮಗೇ ವಾಪಸು. ಇಷ್ಟು ವರ್ಷದಲ್ಲಿ ನಮ್ಮ ದೇವರು ಉಪ್ಪು ಕಡಿಮೆ ಎಂದವನಲ್ಲ, ಎಲ್ಲ ತನಗೇ ಇರಲಿ ಎಂದು ಪಾತ್ರೆ ಒಳಗೆ ಎಳೆದುಕೊಂಡವನೂ ಅಲ್ಲ.

ತರಗತಿಯೆಲ್ಲ ನಕ್ಕಿತಂತೆ. ವಿಮಲಾ ಕೂರಲಿಲ್ಲ.

"ದೇವರದ್ದು ಆದ ಮೇಲೆ ಅವರಿಗೂ ಕೊಡುತ್ತಿದ್ದನಾ ಸಿಸ್ಟರ್?"

"ಇಲ್ಲ. ಎಂದೂ ಕೊಡುತ್ತಿರಲಿಲ್ಲ."

"ದೇವರು ತಿನ್ನುತ್ತಿದ್ದನಾ?"

"ದೇವರಿಗೆ ಹಣ್ಣಿನ ಅಗತ್ಯವಿಲ್ಲ."

"ಮತ್ತೆ ಯಾರಿಗೆ ಅಂತ ಬೆಳೆಸಿದ್ದು?"

ಅಷ್ಟಕ್ಕೇ ಸುಮ್ಮನಾಗಬಹುದಿತ್ತು, ಆದರೆ ಅವಳು ನನ್ನ ಮೊಮ್ಮಗಳು. "ಒಳ್ಳೆಯದು ಕೆಟ್ಟದ್ದು ತಿಳಿಯುವುದು ತಿಂದ ಮೇಲೆ ತಾನೇ? ಮಾತು ಮೀರುವುದು ಕೆಟ್ಟದ್ದು ಅಂತ ತಿನ್ನುವ ಮೊದಲು ಅವರಿಗೆ ಹೇಗೆ ಗೊತ್ತಿರುತ್ತದೆ?" ಎಂದು ಕೇಳಿದಳು. ಅಂದಿನಿಂದ ಅವಳು ವರಾಂಡದಲ್ಲಿದ್ದಾಳೆ.

ಆ ಸಂಜೆ ಬಸ್ಸಿಳಿದು ಬಂದ ಮಗುವಿನ ಮುಖ ಊದಿಕೊಂಡಿತ್ತು.

"ಎಂತ ಆಯ್ತು ಮಗಾ?"

"ಒಣ್ಣುಂ ಇಲ್ಲೆ, ಪಾಟ್ಟಿ." ಏನೂ ಇಲ್ಲ ಅಜ್ಜಿ ಎಂದು.

"ತಮಿಳಲ್ಲಿ ಅತ್ತರೆ ನಂಗೆ ಗೊತ್ತಾಗುದಿಲ್ಲ ಮಾರಾಯ್ತಿ. ಕನ್ನಡದಲ್ಲಿ ಅಳು."

ಅತ್ತಳು. ಅತ್ತು ಮುಗಿದ ಮೇಲೆ ನೀವು ಕೊಟ್ಟ ಪುಸ್ತಕವನ್ನೇ ತೆಗೆಸಿ, ಸಾಲು ಸಾಲು ಕನ್ನಡ ಮಾಡಿ ಹೇಳೆಂದೆ. ತಿಂದ ದಿನವೇ ಸಾಯುತ್ತೀರಿ ಎಂದು ದೇವರು ಹೇಳಿದ್ದನಂತೆ. ಅವರೋ ಬಟ್ಟೆ ಹೊಲಿದುಕೊಂಡು, ಮಕ್ಕಳನ್ನು ಹೆತ್ತು, ಎಷ್ಟೋ ಕಾಲ ಬದುಕಿದರು. ಇರಲಿ, ದೊಡ್ಡವರು ಹೆದರಿಸುವಾಗ ಎರಡು ಮಾತು ಹೆಚ್ಚಾಗುತ್ತದೆ. ಆದರೆ ಆಮೇಲಿನ ಸಾಲಿಗೆ ನನ್ನ ಕಿವಿ ನೆಟ್ಟಗಾಯಿತು. "ಒಳ್ಳೆಯದು ಕೆಟ್ಟದ್ದು ತಿಳಿದು ಇವನು ನಮ್ಮಲ್ಲೊಬ್ಬನ ಹಾಗೆ ಆಗಿಬಿಟ್ಟನಲ್ಲ" ಎಂದು ಹೇಳಿ ಹೊರಗೆ ಹಾಕಿದನಂತೆ. ಬಾಗಿಲಿಗೆ ಬೆಂಕಿಯ ಕತ್ತಿಯ ಕಾವಲಂತೆ.

ಮದರ್, ಈ ಮಾತನ್ನು ನಾನು ಮೊದಲೇ ಕೇಳಿದ್ದೇನೆ, ನನ್ನ ಮನೆಯಲ್ಲೇ.

ನಮ್ಮ ಯಜಮಾನರು ಮೈಲಾಪುರದಲ್ಲಿ ಹೋಟೆಲು ನಡೆಸುತ್ತಿದ್ದರು. ಸಾಂಬಾರಿನ ಪುಡಿ ಬೆರೆಸುವ ದಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಳ್ಳುತ್ತಿದ್ದರು. ಯಾವುದಕ್ಕೆ ಎಷ್ಟು ಎಂದು ಅಡಿಗೆ ಭಟ್ಟರಿಗೂ ತಿಳಿಯಬಾರದು, ನನಗೂ ತಿಳಿಯಬಾರದು. ಅಡಿಗೆಯ ಗುಂಡಣ್ಣ ಒಮ್ಮೆ ಕಿಟಕಿಯಲ್ಲಿ ಇಣುಕಿ ಕಲಿತುಬಿಟ್ಟ. ಅದೇ ದಿನ ಅವನನ್ನು ಕೆಲಸದಿಂದ ಬಿಡಿಸಿ, ನಡತೆ ಸರಿಯಿಲ್ಲದವನು ಎಂದು ಊರಿಗೆಲ್ಲ ಹೇಳಿದರು. "ಅವ ಎಂತ ಕದ್ದದ್ದು?" ಎಂದು ನಾನು ಕೇಳಿದೆ. "ಕದಿಯುದು ಎಂತ? ಬಿಟ್ರೆ ನಾಳೆ ಅವನೂ ನಮ್ಮ ಹಾಗೇ ಆಗ್ತಾನೆ" ಎಂದರು. ಗುಂಡಣ್ಣ ಪಲ್ಲಾವರಂನಲ್ಲಿ ಹೋಟೆಲಿಟ್ಟ, ಜನ ಹೊಟ್ಟೆ ತುಂಬ ಉಂಡರು. ಕಡಿಮೆಯಾದದ್ದು ಒಂದೇ, ಇವರೊಬ್ಬರೇ ಬಲ್ಲವರು ಎಂಬ ಹೆಸರು.

ಮಕ್ಕಳ ಒಳ್ಳೆಯದಕ್ಕಾಗಿ ಬೇಡ ಎನ್ನುವವರ ದನಿ ಬೇರೆ, ತಮ್ಮ ಗದ್ದುಗೆಗಾಗಿ ಬೇಡ ಎನ್ನುವವರ ದನಿ ಬೇರೆ. ಒಲೆಯ ಮುಂದೆ ಮುದುಕಿಯಾದ ನನಗೆ ಅಷ್ಟು ಗೊತ್ತಾಗುತ್ತದೆ. ಆ ತೋಟದಲ್ಲಿ ಬೇಡ ಎಂದದ್ದು ನಿಜವಾಗಿ ದೇವರ ದನಿಯೋ, ಅವನ ಹೆಸರಿನಲ್ಲಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರ ದನಿಯೋ ಎಂಬುದೇ ನನ್ನ ಗುಮಾನಿ. ನಮ್ಮಲ್ಲಿ ಇಂಥವರಿಲ್ಲ ಎನ್ನುತ್ತಿಲ್ಲ. ಶ್ರಾದ್ಧದ ಮಂತ್ರಕ್ಕೆ ಅರ್ಥವೇನು ಎಂದು ಕೇಳಿದ್ದಕ್ಕೆ ನನ್ನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು: ಅಕ್ಷರ ಹೆಚ್ಚಾಯಿತಂತೆ. ಆ ಬಾಗಿಲಲ್ಲಿ ಬೆಂಕಿಯ ಕತ್ತಿ ಇರಲಿಲ್ಲ, ಅಪ್ಪಯ್ಯನ ಕಣ್ಣೇ ಸಾಕಾಯಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲೆ, ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ, ಅದೇ ಬಾಗಿಲನ್ನು ನನ್ನ ಮೊಮ್ಮಗಳ ಮುಖಕ್ಕೂ ಹಾಕುತ್ತೀರಾ?

ಇನ್ನು ನಿಮ್ಮ ಕ್ಷಮಾಪಣೆ. "ಕೆಟ್ಟದ್ದೆಂದು ತಿಳಿದೂ ಈ ಪ್ರಶ್ನೆ ಕೇಳಿದೆ" ಎಂದು ಬರೆಯಬೇಕಂತೆ. ನನ್ನ ಮಗ ಕಿಟ್ಟಣ್ಣ ಪೆನ್ನು ಹಿಡಿದು ಅವಳ ಪಕ್ಕ ಕೂತ.

"ಬರೆದುಬಿಡು ಮಗಾ, ಒಂದು ಸಾಲು ಅಲ್ವಾ? ಮತ್ತೆ ಸೀಟು ಎಲ್ಲಿ ಸಿಗ್ತದೆ?"

"ಕೆಟ್ಟದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಪ್ಪ. ಗೊತ್ತಿತ್ತು ಅಂತ ಬರೆದ್ರೆ ಸುಳ್ಳಾಗುದಿಲ್ವಾ? ಸುಳ್ಳು ಬರೆಯುದು ಕೆಟ್ಟದು ಅಂತ ಮದರೇ ಹೇಳಿದ್ದು."

ಕಿಟ್ಟಣ್ಣ ಪೆನ್ನಿನ ಮುಚ್ಚಳ ಹಾಕಿದ. ನೀವೇ ಹೇಳಿ ಮದರ್, ಈ ಮಗು ಯಾವ ಹಣ್ಣು ತಿನ್ನಬೇಕು, ಯಾವುದನ್ನು ಬಿಡಬೇಕು? ಸುಳ್ಳು ಕೆಟ್ಟದ್ದೆಂದು ಕಲಿಸಿದವರು ನೀವು. ಕಲಿತದ್ದನ್ನು ಅವಳು ನಿಮ್ಮ ಮೇಲೇ ಇಟ್ಟು ತೂಗಿದಾಗ ಹೊರಗೆ ಹಾಕುವವರೂ ನೀವೇ.

ನನ್ನ ಬೇಡಿಕೆ ಸಣ್ಣದು. ವಿಮಲಾಳನ್ನು ಅವಳ ಬೆಂಚಿನಲ್ಲಿ ಕೂರಿಸಿ, ಕ್ಷಮಾಪಣೆ ಕೇಳಬೇಡಿ. ಪ್ರಶ್ನೆಗೆ ಉತ್ತರವಿದ್ದರೆ ಕೊಡಿ, ಇಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಹಾಗೆಂದರೆ ನಾನೇ ನಿಮಗೆ ಕೈಮುಗಿಯುತ್ತೇನೆ. ಈ ಸಂಚಿಕೆ ಹೊರಬಂದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಅವಳ ಕೈಹಿಡಿದು ನಿಮ್ಮ ಗೇಟಿಗೆ ಬರುತ್ತೇನೆ. ದೇವರ ಮುಂದಿಟ್ಟು ತೆಗೆದ ಬಾಳೆಹಣ್ಣು ತರುತ್ತೇನೆ, ನಿಮಗೊಂದು, ಆ ಸಿಸ್ಟರಿಗೊಂದು. ಹೆದರದೆ ತಿನ್ನಿ. ನಮ್ಮ ದೇವರದ್ದು ಆಗಿದೆ.

ಇಂತಿ,
ತೋಟದ ಹೊರಗೇ ಮುದುಕಿಯಾದ
ರತ್ನಾವತಿ
ಅಡ್ಯಾರ್, ಮದರಾಸು