ಅವಳು ಬಂದರೆ

ಮಂಗಳವಾರ, ಹದಿನಾಲ್ಕು

ನಾಳೆ ಒಂಬತ್ತಕ್ಕೆ ನಾನು ಸಹಿ ಹಾಕಬೇಕಂತೆ. ಯಜಮಾನರ ಕಾಲು ತೆಗೆಯದಿದ್ದರೆ ಹುಣ್ಣಿನ ನಂಜು ಮೈಗೆಲ್ಲ ಏರುತ್ತದೆ ಎಂದರು ಡಾಕ್ಟರು. ಯಜಮಾನರದು ಒಂದೇ ಹಟ: "ಬೇಡ."

ಆ ಬೇಡಕ್ಕೆ ಬೆಲೆ ಇದೆಯೋ ಇಲ್ಲವೋ ನೋಡಲು ಡಾಕ್ಟರು ಮೂರು ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ? ಗೊತ್ತಿಲ್ಲ. ಇದು ಯಾವ ಜಾಗ? "ಬಸ್ ಸ್ಟ್ಯಾಂಡು." ಇವರು ಯಾರು? ನನ್ನ ಮುಖ ನೋಡಿ, "ಯಾರೋ ಪಾಪ, ಒಳ್ಳೆಯವರು" ಎಂದರು. ಮೂರಕ್ಕೆ ಸೊನ್ನೆ. ನಿನ್ನೆ ಇಂಜೆಕ್ಷನ್‌ಗೆ ಹೂಂ ಅಂದಾಗ ಯಾರೂ ವಾರ ಕೇಳಿರಲಿಲ್ಲ!

ಡಾಕ್ಟರು ಹೋದ ಮೇಲೆ ಯಜಮಾನರು ನನ್ನನ್ನು ಮೆಲ್ಲಗೆ ಕರೆದರು. "ಮೇಡಂ, ನನ್ನ ಹೆಂಡ್ತಿಗೊಂದು ಫೋನ್ ಮಾಡ್ತೀರಾ? ಅವಳು ಬಂದ್ರೆ ಇವರಿಗೆಲ್ಲ ಸರಿಯಾಗಿ ಹೇಳ್ತಾಳೆ. ನಾನು ಬೇಡ ಅಂದಿದ್ದನ್ನ ಅವಳು ಯಾವತ್ತೂ ಮಾಡಿಲ್ಲ."

ಶುದ್ಧ ಸುಳ್ಳು. ಬೇಡ ಬೇಡ ಅಂದರೂ ಅಡುಗೆಮನೆಗೆ ಹಳದಿ ಬಣ್ಣ ಹೊಡೆಸಿದವಳು ನಾನು. ಒಂದು ವಾರ ಮುಖ ಊದಿಸಿಕೊಂಡಿದ್ದರು. ಆ ಊದಿದ ಮುಖವಾದರೂ ಇನ್ನೊಮ್ಮೆ ನನ್ನ ಕಡೆ ತಿರುಗಬಾರದೇ.

"ಮಾಡ್ತೀನಿ" ಎಂದೆ.

"ಬೇಗ ಬರ್ತಾಳಾ?" ಎಂದು ಬಾಗಿಲನ್ನೇ ನೋಡುತ್ತ ಮಲಗಿದರು. ಸಂಜೆ ಏಳರವರೆಗೆ ನಾನೂ ಪಕ್ಕದಲ್ಲಿ ಕೂತು ಬಾಗಿಲನ್ನೇ ನೋಡಿದೆ. ಅವಳೊಬ್ಬಳು ಬಂದುಬಿಟ್ಟಿದ್ದರೆ, ಏನು ಮಾಡಲಿ ಅಂತ ನಾನೂ ಅವಳನ್ನೇ ಕೇಳುತ್ತಿದ್ದೆ.